ಹಳೆಯ ಪಿಕಪ್ಪಿಗೆ ರಿಪೇರಿಯಾದ ಟಾರ್ಕ್ ಕನ್ವರ್ಟರ್: ಗೇರ್‌ಬಾಕ್ಸ್ ಮೇಲೇರಿತು

ಗೇರ್‌ಬಾಕ್ಸ್ ಮತ್ತೆ ತನ್ನ ಜಾಗಕ್ಕೆ ಏರಿದೆ, ಪಿಕಪ್ ಓಡುತ್ತಿದೆ. ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ದಾಟಿಸುವ ಭಾಗವೇ ಟಾರ್ಕ್ ಕನ್ವರ್ಟರ್. ರಿಪೇರಿಗೆ ಬೆಂಗಳೂರಿಗೆ ಕಳಿಸಿದ್ದ ಅದನ್ನು ಅಲ್ಲಿ ಲೇತಿನಲ್ಲಿ ಸೀಳಿ, ಒಳಭಾಗಗಳನ್ನು ಬದಲಿಸಿ, ಮತ್ತೆ ವೆಲ್ಡ್ ಮಾಡಿ, ಬ್ಯಾಲೆನ್ಸ್ ನೋಡಿ ಕಳಿಸಿಕೊಟ್ಟರು. ಆಟೊಮ್ಯಾಟಿಕ್ ಗೇರಿನ ಡೀಸೆಲ್ ಪಿಕಪ್ಪೇ ನಮ್ಮ ಕುಮಟಾ ಕಡೆ ಅಪರೂಪ. ಈ ಕೆಲಸ ಮಾಡುವವರು ಹುಬ್ಬಳ್ಳಿಯಲ್ಲೂ ನನಗೆ ಸಿಗಲಿಲ್ಲ.

ರಿಪೇರಿಗೆ ಮೊದಲು ಅಂಕೋಲಾ ಕಡೆಯ ಹೆದ್ದಾರಿಯಲ್ಲಿ ಗಂಟೆಗೆ 60 ಕಿ.ಮೀ. ದಾಟಿ ಲಾಕ್‌ಅಪ್ ಕ್ಲಚ್ (ಕನ್ವರ್ಟರಿನೊಳಗೆ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಬೆಸೆಯುವ ಕ್ಲಚ್) ಹಿಡಿಯುವ ಹೊತ್ತಿಗೆ ಗಾಡಿ ಗಡಗಡ ನಡುಗುತ್ತಿತ್ತು. ಗೇರ್ ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಹೊಡೆಯುತ್ತಿತ್ತು. ಬಿಚ್ಚಿದಾಗ ಲಾಕ್‌ಅಪ್ ಕ್ಲಚ್ಚಿನ ಲೈನಿಂಗ್ ಪೂರ್ತಿ ಸವೆದಿತ್ತು. ಇದಕ್ಕೆ ಹೆದ್ದಾರಿಗಿಂತ ದೇವಿಮನೆ ಘಟ್ಟವೇ ಕಾರಣ ಎಂಬುದು ನನ್ನ ಖಚಿತ ಅಭಿಪ್ರಾಯ. ಗೊಬ್ಬರದ ಚೀಲ ಹೇರಿಕೊಂಡು ಶಿರಸಿಯ ತೋಟಕ್ಕೆ ಹತ್ತುವಾಗ ಮುಂದೊಂದು ಲಾರಿ ಸಿಕ್ಕಿದರೆ ವೇಗ 20ಕ್ಕೆ ಇಳಿಯುತ್ತದೆ. ಅಷ್ಟು ನಿಧಾನದಲ್ಲಿ ಲಾಕ್‌ಅಪ್ ಹಿಡಿಯುವುದಿಲ್ಲ. ಆಗ ಕನ್ವರ್ಟರಿನೊಳಗೆ ಎಂಜಿನ್ನಿನಿಂದ ತಿರುಗುವ ಇಂಪೆಲ್ಲರ್ ಎಂಬ ಚಕ್ರ ಜೋರಾಗಿ, ಗೇರ್‌ಬಾಕ್ಸಿನ ಕಡೆಯ ಟರ್ಬೈನ್ ಎಂಬ ಚಕ್ರ ನಿಧಾನವಾಗಿ ಸುತ್ತುತ್ತವೆ. ನಡುವಿನ ವ್ಯತ್ಯಾಸವೆಲ್ಲ ಎಣ್ಣೆಯಲ್ಲಿ ಬಿಸಿಯಾಗಿ ಸೇರುತ್ತದೆ. ಆ ಬಿಸಿಗೆ ಎಣ್ಣೆ ಕೆಟ್ಟಿತು, ಕೆಟ್ಟ ಎಣ್ಣೆಯಲ್ಲಿ ಲೈನಿಂಗ್ ಜಾರತೊಡಗಿತು.

ಆದ್ದರಿಂದ ಲೈನಿಂಗ್ ಬದಲಿಸಿದರಷ್ಟೇ ಸಾಲದು, ಸ್ಟಾಲ್ ವೇಗವನ್ನೂ ಇಳಿಸಬೇಕು ಎಂದು ಬೆಂಗಳೂರಿನವರಿಗೆ ಹೇಳಿದ್ದೆ. ಬ್ರೇಕ್ ಒತ್ತಿ ಹಿಡಿದು ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಎಂಜಿನ್ ಎಷ್ಟು ಆರ್‌ಪಿಎಂವರೆಗೆ ಏರಿ ನಿಲ್ಲುತ್ತದೆಯೋ ಅದೇ ಸ್ಟಾಲ್ ವೇಗ. ಅದು ಇಳಿದರೆ ಎರಡು ಚಕ್ರಗಳ ನಡುವಿನ ಜಾರುವಿಕೆಯೂ ಬಿಸಿಯೂ ಇಳಿಯುತ್ತವೆ. ಅದನ್ನು ಏರಿಸಿಕೊಳ್ಳಲು ಸಲಹೆ ಕೊಟ್ಟವರಿದ್ದರು. ಅದು ಮೇಲಿನ ಆರ್‌ಪಿಎಂನಲ್ಲಿ ಬಲ ಕೊಡುವ ಪೆಟ್ರೋಲ್ ರೇಸ್ ಕಾರಿಗೆ ಸರಿ. ನಮ್ಮ ಡೀಸೆಲ್ಲಿಗೆ 2000ದ ಆಸುಪಾಸಿನಲ್ಲೇ ಬಲವೆಲ್ಲ ಬಂದಿರುತ್ತದೆ. ಹಾಗೆಂದು ತೀರಾ ಇಳಿಸಿದರೆ ಟರ್ಬೊ ಎಚ್ಚರಗೊಳ್ಳುವ ಮೊದಲೇ ಎಂಜಿನ್ ತಿಣುಕುತ್ತದೆ. ಹೀಗಾಗಿ ಸ್ಟೇಟರ್ (ಎರಡು ಚಕ್ರಗಳ ನಡುವೆ ಎಣ್ಣೆಯ ದಿಕ್ಕು ತಿರುಗಿಸುವ ಭಾಗ) ಬದಲಿಸಿ 200 ಆರ್‌ಪಿಎಂ ಮಾತ್ರ ಇಳಿಸಿದ್ದಾರೆ.

ಜೋಡಣೆಯಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಕನ್ವರ್ಟರನ್ನು ಕೂರಿಸುವ ಕೆಲಸ. ಮೊದಲು ಅದರೊಳಗೆ ಒಂದು ಲೀಟರಿನಷ್ಟು ಹೊಸ ಎಣ್ಣೆ ಸುರಿದೆವು. ಆಮೇಲೆ ಶಾಫ್ಟಿನ ಮೇಲಿಟ್ಟು ಮೆಲ್ಲಗೆ ತಿರುಗಿಸುತ್ತಾ ಒಳಗೆ ತಳ್ಳಬೇಕು. ಟರ್ಬೈನಿನ ಹಲ್ಲು, ಸ್ಟೇಟರಿನ ಹಲ್ಲು, ಕೊನೆಗೆ ಎಣ್ಣೆ ಪಂಪಿನ ಕಚ್ಚು, ಮೂರೂ ಒಂದೊಂದಾಗಿ ಟಕ್ಕೆಂದು ಕೂಡಬೇಕು. ಎರಡೇ ಕೂಡಿದ್ದಾಗ ಬೋಲ್ಟ್ ಬಿಗಿದರೆ ಪಂಪು ಒಡೆಯುತ್ತದೆ. ಕೂತ ಆಳವನ್ನು ವರ್ನಿಯರ್‌ನಲ್ಲಿ ಅಳೆದು, ಎಂಜಿನ್ನಿನ ಕಡೆಯ ತೆಳು ತಟ್ಟೆಯಾದ ಫ್ಲೆಕ್ಸ್ ಪ್ಲೇಟಿಗೂ ಕನ್ವರ್ಟರಿಗೂ ನಡುವೆ ಕೆಲವು ಮಿ.ಮೀ. ಸಂದು ಉಳಿದದ್ದನ್ನು ನೋಡಿದ ಮೇಲೆಯೇ ಬೋಲ್ಟಿಗೆ ಕೈ ಹಾಕಿದೆವು. "ಮಾರಾಯರೇ, ಇಷ್ಟೆಲ್ಲ ಇಳಿಸಿದ ಮೇಲೆ ಎಂಜಿನ್ನಿನ ಹಿಂದಿನ ಸೀಲನ್ನೂ ಬದಲಿಸಿಯೇಬಿಡಿ" ಎಂದರು ಗ್ಯಾರೇಜಿನವರು. ಒಪ್ಪಿದೆ. ಉಪ್ಪುಗಾಳಿಗೆ ತುಕ್ಕು ಹಿಡಿದಿದ್ದ ಬೋಲ್ಟುಗಳೂ ಹೊಸವು.

ಗೇರ್ ಎಣ್ಣೆಯನ್ನು ತಣಿಸುವ ಕೂಲರಿನ ಪೈಪುಗಳನ್ನು ತೊಳೆದಾಗ ಬಂದ ಕರಿ ಪುಡಿ ನೋಡಿ ಮೈ ಜುಮ್ಮೆಂದಿತು. ಸವೆದ ಲೈನಿಂಗಿನ ಆ ಪುಡಿ ಅಲ್ಲೇ ಉಳಿದಿದ್ದರೆ ರಿಪೇರಿಯಾಗಿ ಬಂದ ಕನ್ವರ್ಟರಿಗೇ ಹೋಗಿ ಸೇರುತ್ತಿತ್ತು. ರೇಡಿಯೇಟರಿನ ಮುಂದೆ ಇನ್ನೊಂದು ಚಿಕ್ಕ ಕೂಲರ್ ಕೂರಿಸಿದ್ದೇವೆ.

ಮೊದಲು ಘಟ್ಟದ ಅರ್ಧಕ್ಕೇ ಸ್ಕ್ಯಾನರಿನಲ್ಲಿ ಎಣ್ಣೆಯ ತಾಪಮಾನ 118 ಡಿಗ್ರಿ ತೋರಿಸುತ್ತಿತ್ತು. ಈಗ ಖಾಲಿ ಗಾಡಿಯಲ್ಲಿ ಕತಗಾಲದಿಂದ ಬಂಡಲದವರೆಗೆ ಹತ್ತಿದಾಗ 94 ದಾಟಲಿಲ್ಲ. ನಡುಕ ಸಂಪೂರ್ಣ ಹೋಗಿದೆ. ಹೊರೆ ಹೇರಿದ ಲೆಕ್ಕ ಇನ್ನೂ ಬಾಕಿ. ಅದಿಲ್ಲದೆ ಕೂಲರಿನ ಅಳತೆ ಸಾಕೋ ಇಲ್ಲವೋ ಎಂದು ನಾನು ತೀರ್ಮಾನಿಸುವುದಿಲ್ಲ. ಗೇರ್‌ಬಾಕ್ಸಿನ ತಳದ ಎಣ್ಣೆ ತಟ್ಟೆಯನ್ನು (ಪ್ಯಾನ್) ಇಳಿಸಿ ಬಸಿದರೆ ಹಳೆಯ ಎಣ್ಣೆ ಪೂರ್ತಿ ಹೊರಬರುವುದಿಲ್ಲವಾದ್ದರಿಂದ 1,000 ಕಿ.ಮೀ. ಆದ ಮೇಲೆ ಇನ್ನೊಮ್ಮೆ ಎಣ್ಣೆ ಬದಲಿಸಿ, ಪ್ಯಾನಿನ ಅಯಸ್ಕಾಂತಕ್ಕೆ ಏನು ಅಂಟಿದೆ ಎಂದು ನೋಡುವುದಿದೆ.