ಗಾತ್ರ ಅಳೆಯದೆ ಸಿಕ್ಕ ಉತ್ತರ

ಅಲ್ಯೂಮಿನಿಯಂನ ಸಾಂದ್ರತೆ ಘನ ಸೆಂಟಿಮೀಟರಿಗೆ 2.7 ಗ್ರಾಂ. ಅದರ ಸಾಪೇಕ್ಷ ಸಾಂದ್ರತೆಯೂ 2.7. ಇವೆರಡನ್ನೂ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದರೆ ಒಂಬತ್ತನೇ ತರಗತಿಯಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ಸರ್, ಸಂಖ್ಯೆ ಒಂದೇ ಆದ್ಮೇಲೆ ಎರಡು ಹೆಸರು ಯಾಕೆ?”

ಘನ ಮೀಟರಿಗೆ ಇಷ್ಟು ಕಿಲೋಗ್ರಾಂ ಎಂದು ಬರೆದರೆ ಮೊದಲನೆಯದು 2700 ಆಗುತ್ತದೆ. ಎರಡನೆಯದು 2.7 ಆಗಿಯೇ ಉಳಿಯುತ್ತದೆ, ಅದು ನೀರಿನ ಜೊತೆಗಿನ ಅನುಪಾತ, ಅದಕ್ಕೆ ಏಕಮಾನವಿಲ್ಲ. ಉತ್ತರ ಸರಿಯೇ, ಪರೀಕ್ಷೆಯಲ್ಲಿ ಅಂಕವೂ ಬರುತ್ತದೆ. ಆದರೆ ಕೇಳಿದವರ ಮುಖದ ಮೇಲಿನ ಪ್ರಶ್ನೆ ಅಲ್ಲೇ ಇರುತ್ತದೆ. ಹಾಗಾಗಿ ಈ ಸಲ ಎಲ್ಲರನ್ನೂ ಲ್ಯಾಬಿಗೆ ಕರೆದುಕೊಂಡು ಹೋದೆ.

ಮೇಜಿನ ಮೇಲೆ ಒಂದು ಉಕ್ಕಿನ ಬೋಲ್ಟ್ ಇಟ್ಟೆ. ತೂಗಿದರೆ 31.4 ಗ್ರಾಂ. ಇನ್ನು ಗಾತ್ರ ಬೇಕು. ಅಳತೆ ಜಾಡಿಯಲ್ಲಿ ನೀರು ತುಂಬಿ, ಬೋಲ್ಟನ್ನು ದಾರಕ್ಕೆ ಕಟ್ಟಿ ಮುಳುಗಿಸಿದರು. ನೀರಿನ ಮಟ್ಟ ಎರಡು ಗೆರೆಗಳ ನಡುವೆ ಎಲ್ಲೋ ನಿಂತಿತು. ಒಂದು ಗುಂಪು 3.5 ಮಿಲಿಲೀಟರ್ ಎಂದಿತು, ಇನ್ನೊಂದು 4.5. ತೂಕವನ್ನು ಗಾತ್ರದಿಂದ ಭಾಗಿಸಿದರೆ ಒಬ್ಬರಿಗೆ ಸುಮಾರು 9, ಇನ್ನೊಬ್ಬರಿಗೆ 7. ಸಾಂದ್ರತೆಯ ಪಟ್ಟಿ ನೋಡಿ ಮೊದಲ ಗುಂಪು ಅದು ತಾಮ್ರವೆಂದು ತೀರ್ಮಾನಿಸಿತು, ಎರಡನೆಯದು ಸತು ಎಂದಿತು. ತುಕ್ಕು ಹಿಡಿದ ಬೋಲ್ಟ್ ಕಣ್ಣೆದುರಿಗೇ ಇದ್ದರೂ ಪಟ್ಟಿಯ ಮೇಲಿನ ನಂಬಿಕೆ ಅಲುಗಲಿಲ್ಲ! ಅಳೆದ ಸಂಖ್ಯೆಗೆ ಮಕ್ಕಳು ಕೊಡುವ ಗೌರವ ಕೆಲವೊಮ್ಮೆ ಅತಿಯಾಗುತ್ತದೆ.

ಜಾಡಿಯನ್ನು ಬದಿಗಿಟ್ಟೆ. ಡಿಜಿಟಲ್ ತಕ್ಕಡಿಯ ಮೇಲೆ ಬೀಕರಿನಲ್ಲಿ ನೀರಿಟ್ಟು, ತೋರಿಸುವ ತೂಕವನ್ನು ಸೊನ್ನೆ ಮಾಡಿದೆ. ಅದೇ ಬೋಲ್ಟನ್ನು ದಾರದಿಂದ ಇಳಿಬಿಟ್ಟು, ತಳಕ್ಕಾಗಲಿ ಗೋಡೆಗಾಗಲಿ ತಾಗದಂತೆ ಪೂರ್ತಿ ಮುಳುಗಿಸುವ ಮೊದಲು ಕೇಳಿದೆ: ತಕ್ಕಡಿ ಎಷ್ಟು ತೋರಿಸುತ್ತೆ?

“ಸೊನ್ನೆ ಸರ್. ಭಾರವೆಲ್ಲಾ ದಾರದ ಮೇಲಲ್ವಾ?” ಬಹುತೇಕರ ಮಾತು ಇದೇ. ಒಬ್ಬ ಮಾತ್ರ 31.4 ಎಂದು ಹಟ ಹಿಡಿದ.

ತಕ್ಕಡಿ ತೋರಿಸಿದ್ದು 4.0.

ಇಲ್ಲಿ ಪಾಠ ನಿಧಾನವಾಯಿತು, ಆಗಲೇಬೇಕಿತ್ತು. ದಾರ ಹಿಡಿದಿರುವಾಗ ತಕ್ಕಡಿಯನ್ನು ಒತ್ತುತ್ತಿರುವುದು ಯಾರು? ನೀರು ಬೋಲ್ಟನ್ನು ಮೇಲಕ್ಕೆ ತಳ್ಳುತ್ತದೆ ಎಂಬುದು ಗೊತ್ತಿತ್ತು. ಹಾಗಾದರೆ ಬೋಲ್ಟ್ ನೀರನ್ನು ಅಷ್ಟೇ ಬಲದಿಂದ ಕೆಳಕ್ಕೆ ತಳ್ಳಬೇಕಲ್ಲ ಎಂದಾಗ ನ್ಯೂಟನ್ನನ ಮೂರನೇ ನಿಯಮ ಹಿಂದಿನ ಬೆಂಚಿನಿಂದ ಬಂತು. ಇನ್ನೂ ಆಳಕ್ಕೆ ಇಳಿಸಿದರೆ ಒತ್ತಡ ಹೆಚ್ಚಿ ಸಂಖ್ಯೆಯೂ ಹೆಚ್ಚುತ್ತದೆ ಎಂದು ಕೆಲವರು ವಾದಿಸಿದರು. ಇಳಿಸಿದೆವು, 4.0 ಕದಲಲಿಲ್ಲ. ಒತ್ತಡ ಬೋಲ್ಟಿನ ಮೇಲ್ಭಾಗದಲ್ಲೂ ಕೆಳಭಾಗದಲ್ಲೂ ಒಂದೇ ಅಳತೆಯಲ್ಲಿ ಏರುತ್ತದೆ, ಅವುಗಳ ನಡುವಿನ ವ್ಯತ್ಯಾಸ ಅಷ್ಟೇ ಇರುತ್ತದೆ. ಕೊನೆಗೆ ದಾರ ಸಡಿಲಿಸಿ ಬೋಲ್ಟನ್ನು ತಳದಲ್ಲಿ ಕೂರಿಸಿದಾಗ 31.4 ಬಂತು. ಹಟ ಹಿಡಿದಿದ್ದವನಿಗೆ ತಡವಾಗಿಯಾದರೂ ಗೆಲುವು.

ಆರ್ಕಿಮಿಡೀಸ್ ಹೇಳಿದಂತೆ ಆ 4.0 ಗ್ರಾಂ ಎಂದರೆ ಪಕ್ಕಕ್ಕೆ ಸರಿದ ನೀರಿನ ದ್ರವ್ಯರಾಶಿ. ಬೋಲ್ಟ್ ಎಷ್ಟು ಜಾಗ ಹಿಡಿದಿದೆಯೋ ಅಷ್ಟೇ ಜಾಗದ ನೀರು. 31.4ನ್ನು 4.0ರಿಂದ ಭಾಗಿಸಿ ಎಂದೆ. 7.85. ಉಕ್ಕಿನದು ಹೆಚ್ಚುಕಡಿಮೆ ಇಷ್ಟೇ. ಗಾತ್ರವನ್ನು ನಾವು ಅಳೆಯಲೇ ಇಲ್ಲ, ಎರಡು ಸಲ ತೂಗಿದೆವು ಅಷ್ಟೆ. ಓರೆಕೋರೆ ವಸ್ತುವಿನ ಗಾತ್ರ ಅಳೆಯುವುದು ಕಷ್ಟ, ತೂಗುವುದು ಸುಲಭ. ಸಾಪೇಕ್ಷ ಸಾಂದ್ರತೆ ಎಂಬ ಎರಡನೇ ಹೆಸರಿನ ಉಪಯೋಗ ಇದು. ಹೋಲಿಸುವ ನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕೆಂಬ ಷರತ್ತನ್ನು ಒಬ್ಬಳು ನೆನಪಿಸಿದಳು. 25 ಡಿಗ್ರಿಯಲ್ಲಿ ನೀರಿನ ಸಾಂದ್ರತೆ 0.997, ಆ ಸಣ್ಣ ವ್ಯತ್ಯಾಸ ನಮ್ಮ ತಕ್ಕಡಿಯ ಕಣ್ಣಿಗೆ ಬೀಳುವಂಥದ್ದಲ್ಲ.

ರಾಜನ ಕಿರೀಟದ ಚಿನ್ನ ಅಸಲಿಯೋ ಎಂದು ಆರ್ಕಿಮಿಡೀಸ್ ಪತ್ತೆಹಚ್ಚಿದ ಕಥೆಯನ್ನು ನಾನು ಮೊದಲು ಹೇಳುವುದಿಲ್ಲ. ಸ್ನಾನದ ತೊಟ್ಟಿಯಿಂದ ಎದ್ದು ಓಡುವ ಆರ್ಕಿಮಿಡೀಸನೇ ತರಗತಿಯನ್ನು ತುಂಬಿಕೊಂಡುಬಿಡುತ್ತಾನೆ. ಆದರೂ ಚಿನ್ನದ ಮಾತು ಬಂದೇ ಬಂತು: ಹೀಗೆ ತೂಗಿ ಅಸಲಿ ನಕಲಿ ಹೇಳಬಹುದಾ? ಬೆಳ್ಳಿ ಬೆರೆಸಿದ್ದರೆ ಸಿಕ್ಕಿಬೀಳುತ್ತದೆ, ಚಿನ್ನದ್ದು 19.3, ಬೆಳ್ಳಿಯದು 10.5. ಒಳಗೆ ಟಂಗ್‌ಸ್ಟನ್ ಇಟ್ಟಿದ್ದರೆ ಕಷ್ಟ, ಅದರದು 19.25. ಈ ಉತ್ತರ ಯಾರಿಗೂ ಹಿಡಿಸಲಿಲ್ಲ.

ಅಷ್ಟರಲ್ಲಿ ಒಬ್ಬಳು ಮರದ ತುಂಡು ಹಿಡಿದು ನಿಂತಿದ್ದಳು. “ಇದು ಮುಳುಗೋದೇ ಇಲ್ವಲ್ಲ ಸರ್, ಇದಕ್ಕೆ?” ನೀನೇ ಹೇಳು ಎಂದೆ. ತುಂಡನ್ನು ಬೀಕರಿಗೆ ಹಾಕಿದಳು, ತೇಲಿತು, ತಕ್ಕಡಿ 12.6 ತೋರಿಸಿತು. ಸ್ವಲ್ಪ ಯೋಚಿಸಿ, ಗೆಳತಿಯಿಂದ ಸೂಜಿ ಇಸಿದುಕೊಂಡು ತುಂಡನ್ನು ಪೂರ್ತಿ ಮುಳುಗುವಷ್ಟು ಒತ್ತಿದಳು. 18.0. “ತೇಲುವಾಗ ಬಂದಿದ್ದು ಇದರದೇ ತೂಕ, ಒತ್ತಿದಾಗ ಬಂದಿದ್ದು ನೀರಿಂದು. ಬೇರೆಯಾಗಿ ತೂಗೋದೇ ಬೇಡ,” ಎನ್ನುತ್ತಾ ಅಂಗೈ ಮೇಲೆ ಭಾಗಾಕಾರ ಶುರುಮಾಡಿದಳು. 0.7 ಬಂತು.