ಐದು ಟೈಗರ್ ಬಾರ್ಬ್‌ಗಳ ಲೆಕ್ಕ

"ಅಪ್ಪ, ಈ ಮೀನಿನ ಮೀಸೆ ಯಾರು ಕತ್ತರಿಸಿದ್ರು?" ತೀರ್ಥಹಳ್ಳಿಯ ದಂತವೈದ್ಯರೊಬ್ಬರಲ್ಲಿ ಸರದಿಗಾಗಿ ಕಾಯುತ್ತಿದ್ದ ಪುಟ್ಟ ಹುಡುಗಿ ಹೀಗೆ ಕೇಳಿದಾಗ ನಾನು ಬಾಗಿಲಲ್ಲಿ ಬಕೆಟ್ಟು, ಸೈಫನ್ ಹಿಡಿದು ನಿಂತಿದ್ದೆ. ಅವಳು ಮೀಸೆ ಎಂದದ್ದು ಏಂಜೆಲ್ ಮೀನಿನ ಹೊಟ್ಟೆಯಡಿ ಇಳಿಬಿದ್ದಿರುವ ಎಳೆಯಂಥ ರೆಕ್ಕೆಗಳನ್ನು. ನಾಲ್ಕು ಏಂಜೆಲ್‌ಗಳಲ್ಲಿ ಮೂರಕ್ಕೆ ಆ ಎಳೆಗಳು ಮೊಟಕಾಗಿದ್ದವು. ನಾಲ್ಕನೆಯದು ಹೀಟರಿನ ಹಿಂದೆ ತಲೆ ತಗ್ಗಿಸಿ ಅಡಗಿತ್ತು.

ಕ್ಲಿನಿಕ್ಕಿನ ಆ ಅಕ್ವೇರಿಯಂ ಟ್ಯಾಂಕಿಗೆ ಮೀನು ಆರಿಸಿದವನು ನಾನೇ. ಶಿವಮೊಗ್ಗದ ಅಕ್ವೇರಿಯಂ ಅಂಗಡಿಯಿಂದ ಟ್ಯಾಂಕುಗಳ ಸರ್ವಿಸ್‌ಗೆ ಹೋಗುವವರಲ್ಲಿ ನಾನೇ ಹಳಬ ಎಂಬ ಜಂಭವೂ ಸ್ವಲ್ಪ ಇತ್ತು. ನಾಲ್ಕಡಿ ಟ್ಯಾಂಕು, ಸುಮಾರು 200 ಲೀಟರ್ ನೀರು, ಪೂರ್ತಿ ಸೈಕಲ್ ಆಗಿತ್ತು, ಅಂದರೆ ಮೀನಿನ ಕೊಳೆಯ ವಿಷ ಕಳೆಯುವ ಬ್ಯಾಕ್ಟೀರಿಯಾ ಅದರಲ್ಲಿ ನೆಲೆಯೂರಿದ್ದವು. 'ಗಂಗಾ ಸ್ನಾನ, ತುಂಗಾ ಪಾನ' ಎನ್ನುವ ಊರಿನ ನೀರು ಮೃದುವಾಗಿಯೇ ಇದ್ದುದರಿಂದ, ಗಡಸು ನೀರು ಬಯಸುವ ಮೋಲಿ, ಗಪ್ಪಿಗಳನ್ನು ಬಿಟ್ಟು, ಅಮೆಜಾನ್ ಕಡೆಯ ಏಂಜೆಲ್, ರಮ್ಮಿ ನೋಸ್ ಟೆಟ್ರಾ, ತಳಕ್ಕೆ ಕೋರಿಡೋರಸ್ ಎಂದು ಬರೆದುಕೊಂಡಿದ್ದೆ. ಬೆಳೆದ ಏಂಜೆಲ್ ನಿಯಾನ್ ಟೆಟ್ರಾವನ್ನು ನುಂಗುತ್ತದೆ ಎಂಬ ಕಾರಣಕ್ಕೆ ನಿಯಾನನ್ನೂ ಪಟ್ಟಿಯಿಂದ ಹೊಡೆದುಹಾಕಿದ್ದೆ. ಅಲ್ಲಿಗೇ ನಿಲ್ಲಿಸಬಹುದಿತ್ತು.

ಆದರೆ ವೈದ್ಯರು "ಇನ್ನೂ ಸ್ವಲ್ಪ ಚುರುಕಾಗಿ ಓಡಾಡುವಂಥದ್ದು ಬೇಕು" ಎಂದರು. ಅದೇ ವಾರ ಅಂಗಡಿಗೆ ಟೈಗರ್ ಬಾರ್ಬ್ ಎಂಬ ಪಟ್ಟೆ ಮೀನಿನ ಬಾಕ್ಸುಗಳು ಬೇಕಾದದ್ದಕ್ಕಿಂತ ಹೆಚ್ಚು ಬಂದಿದ್ದವು. ಮಾಲೀಕರು "ಹೇಗಾದರೂ ಸಾಗಿಸು" ಎಂದರು. ನಮ್ಮಲ್ಲಿ ಯಾವ ಮೀನು 'ಕಮ್ಯೂನಿಟಿ', ಅಂದರೆ ಬೇರೆ ಮೀನುಗಳ ಜೊತೆ ಹೊಂದಿಕೊಳ್ಳುವಂಥದ್ದು, ಎಂಬುದು ಅದರ ಸ್ವಭಾವಕ್ಕಿಂತ ಹೆಚ್ಚಾಗಿ ಗೋಡೌನಿನ ಲೆಕ್ಕದಿಂದಲೇ ತೀರ್ಮಾನವಾಗುತ್ತದೆ. ಆದರೂ ತಪ್ಪನ್ನು ಅವರ ತಲೆಗೆ ಕಟ್ಟಲಾರೆ. ಅಂಗಡಿಯ ಟ್ಯಾಂಕಿನಲ್ಲಿ ಎಂಬತ್ತು ಬಾರ್ಬ್‌ಗಳು ಸೌಮ್ಯವಾಗಿ ಈಜುತ್ತಿದ್ದುದನ್ನು ದಿನವೂ ನೋಡುತ್ತಿದ್ದ ನಾನು, ತುಂಟ ಮೀನಾದರೂ ಐದೇ ಐದು ಬಿಟ್ಟರೆ ತೊಂದರೆಯೂ ಅಷ್ಟೇ ಕಡಿಮೆ ಎಂದು ಲೆಕ್ಕ ಹಾಕಿದೆ. ವಾಸ್ತವ ಇದಕ್ಕೆ ತದ್ವಿರುದ್ಧ. ಗುಂಪು ದೊಡ್ಡದಿದ್ದಾಗ ಬಾರ್ಬ್‌ಗಳ ಅಟ್ಟಾಟ, ಕಚ್ಚಾಟ ಬಹುಮಟ್ಟಿಗೆ ತಮ್ಮೊಳಗೇ ಮುಗಿಯುತ್ತದೆ. ಗುಂಪು ಚಿಕ್ಕದಾದರೆ ಅದೇ ಬಾಯಿ ಪಕ್ಕದಲ್ಲಿ ನಿಧಾನವಾಗಿ ತೇಲುವ ಉದ್ದ ರೆಕ್ಕೆಯ ಮೀನಿನ ಕಡೆ ತಿರುಗುತ್ತದೆ. ದೊಡ್ಡ ಗುಂಪಿದ್ದರೂ ಏಂಜೆಲ್ ಜೊತೆಗೆ ಬಾರ್ಬ್ ಬಿಡುವುದನ್ನು ನಾನೀಗ ಒಪ್ಪುವುದಿಲ್ಲ.

ಬಾರ್ಬ್‌ಗಳನ್ನು ಹಿಡಿಯಬೇಕಾದದ್ದು ರಾತ್ರಿ, ದೀಪ ಆರಿಸಿ ಅವು ಮಂಕಾಗಿರುವಾಗ. ಆ ಹುಡುಗಿಯ ಪ್ರಶ್ನೆ ಕೇಳಿಸಿಕೊಂಡ ವೈದ್ಯರು "ಈಗಲೇ ತೆಗೆಯಿರಿ" ಎಂದುದರಿಂದ, ಬೆಳಗಿನ ಹತ್ತೂವರೆಗೆ, ಹನ್ನೆರಡು ಮಂದಿಯ ಎದುರಿಗೆ, ಎರಡು ಬಲೆ ಹಿಡಿದು ಕೈ ಇಳಿಸಿದೆ. ಮೊದಲ ಎರಡು ಸುಲಭವಾಗಿ ಸಿಕ್ಕವು. ಮೂರನೆಯದಕ್ಕಾಗಿ ಟ್ಯಾಂಕಿನೊಳಗಿನ ಮರದ ತುಂಡು (ಡ್ರಿಫ್ಟ್‌ವುಡ್) ಎತ್ತಿದೊಡನೆ ತಳದ ಕಸವೆಲ್ಲ ಮೇಲೆದ್ದು, ನೀರು ಆಷಾಢದ ತುಂಗೆಯಂತೆ ಕೆಂಪಗಾಯಿತು; ಬಲೆ ಎಲ್ಲಿದೆ, ಮೀನು ಎಲ್ಲಿದೆ ಎಂಬುದೇ ತಿಳಿಯದಾಯಿತು. ದವಡೆಗೆ ಕೈ ಒತ್ತಿಕೊಂಡು ಕುಳಿತಿದ್ದ ಹಿರಿಯರೊಬ್ಬರು, "ಗಾಳ ಹಾಕಿದ್ರೆ ಬೇಗ ಆಗ್ತಿತ್ತಲ್ಲ ಮಾರಾಯ್ರೇ" ಎಂದರು. ಹಲ್ಲುನೋವಿನವರೂ ನಕ್ಕರು. ನನ್ನ ಅಂಗಿಯ ತೋಳು ಭುಜದವರೆಗೆ ಒದ್ದೆಯಾಗಿತ್ತು, ಕಿವಿ ಬಿಸಿಯಾಗಿತ್ತು, ಗಾಬರಿಗೊಂಡ ಏಂಜೆಲ್‌ಗಳು ಗಾಜಿಗೆ ಬಡಿದುಕೊಳ್ಳುವ ಸದ್ದು ನನಗೊಬ್ಬನಿಗೇ ಕೇಳಿಸುತ್ತಿದೆಯೇನೋ ಅನ್ನಿಸುತ್ತಿತ್ತು. ಕೊನೆಯ ಬಾರ್ಬ್ ಬಲೆಗೆ ಬೀಳುವಾಗ ಹನ್ನೊಂದು ಗಂಟೆ ದಾಟಿತ್ತು.

ನೀರನ್ನು ಶುದ್ಧವಾಗಿಟ್ಟ ಮೇಲೆ ಏಂಜೆಲ್‌ಗಳ ಎಳೆಗಳು ಕೆಲವು ವಾರಗಳಲ್ಲಿ ಮತ್ತೆ ಚಿಗುರಿದವು, ಒಂದರದು ಮಾತ್ರ ಸೊಟ್ಟಗೆ. ಬಾರ್ಬ್‌ಗಳ ಬದಲಿಗೆ ರಮ್ಮಿ ನೋಸ್‌ಗಳನ್ನೇ ಹೆಚ್ಚಿಸಿದೆ. ಓಡಾಟಕ್ಕೆ ಅವೇ ಸಾಕಾದವು. ಹಿಡಿದು ತಂದ ಐದನ್ನು ಅಂಗಡಿಯ ಗುಂಪಿಗೆ ಮರಳಿ ಬಿಟ್ಟಾಗ ಐದು ನಿಮಿಷದಲ್ಲೇ ಯಾವುವು ಆ ಐದು ಎಂದು ಗುರುತಿಸಲಾಗದಷ್ಟು ಸಾಧುವಾದವು. ಮರುವಾರ ಆ ಗಾಜಿನ ಮೇಲೆ ಮಾಲೀಕರು ಹೊಸ ಚೀಟಿ ಅಂಟಿಸಿದ್ದರು: 'ಶಾಂತ ಸ್ವಭಾವ, ಎಲ್ಲದರ ಜೊತೆ ಹೊಂದುತ್ತದೆ.'