ಅಮ್ಮನಿಂದ ಒಂದು, ಅಪ್ಪನಿಂದ ಒಂದು

ಈ ವಾರ ಪೂರ್ತಿ ಒಂದೇ ಮಾತು ತಲೆಯಲ್ಲಿ ಕೊರೀತಾ ಇದೆ. ಬೆಂಗಳೂರಿನ ಆಸ್ಪತ್ರೆಯ ಐಸಿಯು ಹೊರಗೆ ಡಾಕ್ಟರ್, ಚಿಕ್ಕಮ್ಮನ ಮಗಳನ್ನು "ಮೊದಲನೇ ಮಗುಗೆ ಏನಾಗಿತ್ತಮ್ಮಾ?" ಅಂತ ಕೇಳಿದರು. ಅವಳು ಬಾಯಿ ತೆರೆಯುವ ಮೊದಲೇ ಅವಳತ್ತೆ, "ಇವಳ ಹೊಟ್ಟೇಲೇ ದೋಷ ಸಾರ್, ಮಕ್ಕಳು ನಿಲ್ಲಲ್ಲ" ಅಂದುಬಿಟ್ಟರು. ಅಷ್ಟು ಜನರ ಮುಂದೆ! ಒಳಗೆ ಹತ್ತು ತಿಂಗಳ ಕೂಸಿಗೆ ಫಿಟ್ಸ್ ನಿಲ್ಲುತ್ತಿಲ್ಲ.

ಡಾಕ್ಟರ್ ಅದಕ್ಕೇನೂ ಹೇಳದೆ "ಸಂಬಂಧದಲ್ಲೇ ಮದುವೆನಾ?" ಅಂದರು. ಹೌದು, ಸೋದರತ್ತೆ ಮಗನೇ. ತಕ್ಷಣ ಜೀನ್ ಟೆಸ್ಟ್ ಬರೆದುಕೊಟ್ಟರು. ನೇರಳೆ ಮುಚ್ಚಳದ ಪುಟ್ಟ ಟ್ಯೂಬಿನಲ್ಲಿ ಕೂಸಿನ ರಕ್ತ, ಜೊತೆಗೆ ಅಪ್ಪ ಅಮ್ಮಂದೂ. ಮಾಮೂಲಿ ರಿಪೋರ್ಟಿಗೆ ಮೂರ್ನಾಲ್ಕು ವಾರ ಕಾಯಬೇಕು, ಅರ್ಜೆಂಟಾದರೆ ದುಡ್ಡು ಜಾಸ್ತಿ. ತಂಗಿ ಬಳೆ ಅಡವಿಟ್ಟಳು.

ಕ್ಯಾಲಿಫೋರ್ನಿಯಾದಲ್ಲಿ ಐಸಿಯು ಸೇರಿದ್ದ 178 ಬಡ ಮನೆಯ ಕೂಸುಗಳಿಗೆ ಸರ್ಕಾರವೇ ಖರ್ಚು ಕೊಟ್ಟು ಇಂಥ ಟೆಸ್ಟ್ ಮಾಡಿಸಿತ್ತು. 76 ಮಕ್ಕಳ ಕಾಯಿಲೆ ಯಾವುದು ಅಂತ ಗೊತ್ತಾಯಿತು, ಆಸ್ಪತ್ರೆ ಖರ್ಚೂ ಉಳಿಯಿತು. ಸಂಬಂಧದಲ್ಲಿ ಮದುವೆ ಇಷ್ಟೊಂದು ನಡೆಯುವ ನಮ್ಮ ಕಡೆ, ಅಡವಿಡೋಕೆ ಬಳೆಯೂ ಇಲ್ಲದ ತಾಯಿ ಏನು ಮಾಡಬೇಕು? ನನಗಂತೂ ಸಿಟ್ಟು ಬರುತ್ತೆ.

ರಿಪೋರ್ಟ್ ಬಂತು. ಪಿಒಎಲ್‌ಜಿ ಅನ್ನೋ ಜೀನ್‌ನಲ್ಲಿ ದೋಷ. ವಾಸಿ ಮಾಡುವ ಮದ್ದಿಲ್ಲ ಅಂದರು. ಆದರೆ ಫಿಟ್ಸ್‌ಗೆ ಎಲ್ಲ ಕಡೆ ಕೊಡುವ ವ್ಯಾಲ್ಪ್ರೋಯೇಟ್ ಅನ್ನೋ ಔಷಧಿಯನ್ನು ಈ ಮಕ್ಕಳಿಗೆ ಕೊಡಲೇಬಾರದಂತೆ, ಲಿವರ್ ಕೈಕೊಡುತ್ತದಂತೆ. ತಂಗಿ ಗಂಡ ಮೆಲ್ಲಗೆ "ಮೊದಲನೇದಕ್ಕೆ ಅದನ್ನೇ ಕೊಟ್ಟಿದ್ರಾ?" ಅಂದ. ಆ ಮಗು ಫಿಟ್ಸ್ ಬಂದು, ಆಮೇಲೆ ಮೈಯೆಲ್ಲ ಹಳದಿಯಾಗಿ ತೀರಿಹೋಗಿತ್ತು. ಹಳೇ ಚೀಟಿ ಒಂದೂ ಉಳಿದಿಲ್ಲ, ಯಾರು ಹೇಳಬೇಕು?

ಡಾಕ್ಟರ್ ಅತ್ತೆ ಎದುರೇ ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಕೆಟ್ಟ ಜೀನ್ ಅಮ್ಮನಿಂದ ಒಂದು, ಅಪ್ಪನಿಂದ ಒಂದು, ಎರಡೂ ಸೇರಿದರೆ ಮಾತ್ರ ಈ ಕಾಯಿಲೆ. ಬಹುಶಃ ಅಜ್ಜಿ ತಾತನ ಕಾಲದಿಂದಲೇ ಬಂದಿದ್ದು. ಅಂದರೆ ಮಗನಿಗೆ ಬಂದಿದ್ದು ಅತ್ತೆಯಿಂದಲೇ ಇರಬಹುದು. ಅತ್ತೆ ಕೆಟ್ಟವರೇನಲ್ಲ, ಐಸಿಯು ಮುಂದೆ ರಾತ್ರಿಯೆಲ್ಲ ಅವರೂ ಕೂತಿದ್ದರು. ಆದರೆ ಇಷ್ಟು ವರ್ಷ ಆ ಹುಡುಗಿ ಹಬ್ಬ ಹರಿದಿನಗಳಲ್ಲಿ, ಸೀಮಂತಗಳಲ್ಲಿ ತಲೆ ತಗ್ಗಿಸಿಕೊಂಡು ಓಡಾಡಿದಳಲ್ಲಾ, ಅದನ್ನು ಯಾರು ವಾಪಸ್ ಕೊಡ್ತಾರೆ?

ಈಗ ಅದೇ ಮನೆಯಲ್ಲಿ ತಂಗಿಯ ಮೈದುನನಿಗೂ ಚಿಕ್ಕಮ್ಮನ ಕಿರಿಮಗಳಿಗೂ ಮದುವೆ ಮಾತು ನಡೀತಿದೆ. ಇಬ್ಬರಿಗೂ ಆ ಒಂದು ಜೀನ್ ಮಾತ್ರ ನೋಡಿಸಿದರೆ ಸಾಕು, ಖರ್ಚೂ ಅಷ್ಟಾಗಲ್ಲ ಅಂತ ಚಿಕ್ಕಪ್ಪನಿಗೆ ಹೇಳಿದೆ. "ಶುಭಕಾರ್ಯದ ಹೊತ್ತಲ್ಲಿ ಅದೆಲ್ಲ ಯಾಕಮ್ಮ" ಅಂದರು. ಭಾನುವಾರ ಮನೆಗೇ ಹೋಗಿ, ಹುಡುಗ ಹುಡುಗಿ ಇಬ್ಬರನ್ನೂ ಕೂರಿಸಿಕೊಂಡು ಮಾತಾಡ್ತೀನಿ.